ಆರಿಸಲು ಒಂದು ಪೀರಿಯಡ್

ವಾರ್ಷಿಕ ಪರೀಕ್ಷೆ ಮುಗಿದು ರಜೆ ಹತ್ತಿರವಾದಾಗ ನಮ್ಮ ಪ್ರಶಿಕ್ಷಣಾರ್ಥಿಗಳು ಮಕ್ಕಳಿಗೆ ತಪ್ಪದೆ ಹೇಳುವ ಮಾತೊಂದಿದೆ: ‘ರಜೆಯಲ್ಲಿ ಸುಮ್ಮನೆ ಕೂರಬೇಡಿ, ಒಳ್ಳೊಳ್ಳೆ ಪುಸ್ತಕ ಓದಿ.’ ಮಕ್ಕಳೂ ತಪ್ಪದೆ ‘ಆಯ್ತು ಮಿಸ್’ ಎನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಯಾವ ಪುಸ್ತಕ, ಅದು ಎಲ್ಲಿ ಸಿಗುತ್ತದೆ, ನನಗೆ ಹಿಡಿಸುತ್ತದೆಂದು ತಿಳಿಯುವುದು ಹೇಗೆ ಎಂಬ ಮೂರು ಪ್ರಶ್ನೆಗಳು ಮಗುವಿನ ಪಾಲಿಗೇ ಉಳಿಯುತ್ತವೆ. ‘ರಜೆಯಲ್ಲಿ ಭಾಗಾಕಾರ ಕಲಿತು ಬನ್ನಿ’ ಎಂದು ನಾವು ಯಾರೂ ಹೇಳುವುದಿಲ್ಲ; ಕಲಿಸಿದ ಮೇಲೆ ಲೆಕ್ಕ ಕೊಡುತ್ತೇವೆ. ಪುಸ್ತಕ ಆರಿಸುವುದೂ ಕಲಿಸಬೇಕಾದ ಒಂದು ಕೌಶಲ. ಅದಕ್ಕೊಂದು ಪೀರಿಯಡ್ ಬೇಕು, ಪಾಠಯೋಜನೆಯೂ ಬೇಕು.

ನಾನು ಬೋಧನಾಭ್ಯಾಸದ ಮೇಲ್ವಿಚಾರಣೆಗೆ ಹೋಗುವುದು ರಾಜಾಜಿನಗರ, ಕಾಮಾಕ್ಷಿಪಾಳ್ಯ, ವಿಜಯನಗರದ ಸುತ್ತಲಿನ ಶಾಲೆಗಳಿಗೆ. ಅಲ್ಲಿಯ ಸರ್ಕಾರಿ ಶಾಲೆಗಳ ಮಕ್ಕಳ ತಂದೆತಾಯಂದಿರು ಲೇತ್ ಶೆಡ್‌ಗಳಲ್ಲಿ, ಗಾರ್ಮೆಂಟ್ಸ್‌ನಲ್ಲಿ, ಕಟ್ಟಡ ಕೆಲಸದಲ್ಲಿ ದುಡಿಯುವವರು. ಮನೆಮಾತು ಕೆಲವರಿಗೆ ಕನ್ನಡ, ಕೆಲವರಿಗೆ ಉರ್ದು, ತೆಲುಗು, ತಮಿಳು. ಏಪ್ರಿಲ್ ಎರಡನೇ ವಾರ ಶಾಲೆಗೆ ಬೀಗ ಬಿದ್ದರೆ ತೆರೆಯುವುದು ಮೇ ಕೊನೆಗೆ. ಸುಮಾರು ಏಳು ವಾರ. ಹಲವರು ಯಾದಗಿರಿ, ರಾಯಚೂರು, ತುಮಕೂರು ಕಡೆಯ ಊರುಗಳಿಗೆ ಹೋಗಿಬಿಡುತ್ತಾರೆ. ಎಷ್ಟೋ ಮನೆಗಳಲ್ಲಿ ಪಠ್ಯಪುಸ್ತಕ ಬಿಟ್ಟರೆ ಓದಲು ಸಿಗುವ ಅಕ್ಷರವೆಂದರೆ ಗೋಡೆಯ ಕ್ಯಾಲೆಂಡರ್ ಮಾತ್ರ. ಇಂಥ ಮಗುವಿಗೆ ಹತ್ತು ಪುಸ್ತಕಗಳ ಪಟ್ಟಿ ಬರೆದುಕೊಟ್ಟರೆ ಆ ಚೀಟಿಯನ್ನು ಅದು ಏನು ಮಾಡಬೇಕು?

ಕಳೆದ ಮಾರ್ಚ್‌ನಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಆರನೇ ತರಗತಿಗೆ ಇಂಥದೊಂದು ಪೀರಿಯಡ್ ಮಾಡಿದರು. ಶಾಲೆಯ ಓದುವ ಮೂಲೆ, ನಮ್ಮ ಕಾಲೇಜಿನ ಕಪಾಟು, ಹಳೆ ಪುಸ್ತಕದಂಗಡಿ ಎಲ್ಲ ಸೇರಿಸಿ ಅರುವತ್ತು ಪುಸ್ತಕಗಳನ್ನು ಬೆಂಚಿನ ಮೇಲೆ ಹರಡಿದ್ದರು. ಪ್ರಥಮ್ ಬುಕ್ಸ್‌ನ ತೆಳ್ಳನೆಯ ಚಿತ್ರಪುಸ್ತಕಗಳಿದ್ದವು. ಜೇಬಿನಲ್ಲಿ ಹಿಡಿಯುವ ಭಾರತ ಭಾರತಿ ಮಾಲೆಯ ಜೀವನಚರಿತ್ರೆಗಳಿದ್ದವು. ತೇಜಸ್ವಿಯವರ ‘ಪರಿಸರದ ಕತೆ’, ವಿ. ಗಾಯತ್ರಿಯವರು ಕನ್ನಡಕ್ಕೆ ತಂದ ‘ತೊತ್ತೋ-ಚಾನ್’ ಇದ್ದವು. ಹೇಳಿಕೊಟ್ಟದ್ದು ನಾಲ್ಕೇ ಸೂತ್ರ. ಮೊದಲ ಪುಟ ಓದು. ನಡುವಿನ ಒಂದು ಪುಟ ಓದು. ಆ ಪುಟದಲ್ಲಿ ಐದಕ್ಕಿಂತ ಹೆಚ್ಚು ಪದ ತಿಳಿಯದಿದ್ದರೆ ಸದ್ಯಕ್ಕೆ ಬಿಡು. ಹಿಡಿಸದಿದ್ದರೆ ವಾಪಸಿಟ್ಟು ಇನ್ನೊಂದು ತಗೋ, ಯಾರೂ ಬಯ್ಯುವುದಿಲ್ಲ. ಕೊನೆಗೆ, ಯಾಕೆ ಆರಿಸಿದೆ ಎಂದು ಪಕ್ಕದವರಿಗೆ ಹೇಳು.

ನಾನು ಹಿಂದಿನ ಬೆಂಚಿನಲ್ಲಿ ಅವಲೋಕನ ನಮೂನೆ ಹಿಡಿದು ಕುಳಿತಿದ್ದೆ. ತಡವರಿಸುತ್ತಾ ಓದುವ ಹುಡುಗನೊಬ್ಬ ಪುಟಕ್ಕೆ ಎರಡೇ ಸಾಲಿರುವ ಚಿತ್ರಪುಸ್ತಕ ಎತ್ತಿಕೊಂಡ. ಪಕ್ಕದವನು, ‘ಏಯ್, ಅದು ನಲಿಕಲಿ ಮಕ್ಕಳದು ಕಣೋ’ ಎಂದ. ಹುಡುಗ ಪುಸ್ತಕ ಕೆಳಗಿಟ್ಟ. ಆಗ ಆ ಪ್ರಶಿಕ್ಷಣಾರ್ಥಿ, ‘ನಾನು ನಿನ್ನೆ ರಾತ್ರಿ ಓದಿದ್ದು ಅದೇ ಪುಸ್ತಕ. ಕೊನೇ ಚಿತ್ರ ನೋಡಿ ನಗು ತಡೆಯೋಕೆ ಆಗ್ಲಿಲ್ಲ’ ಎಂದರು. ಅಷ್ಟೇ. ಹುಡುಗ ಕೊನೆಯ ಪುಟ ತೆಗೆದ, ನಕ್ಕ. ಯಾಕೆ ಆರಿಸಿದೆ ಎಂದು ಕೇಳಿದಾಗ, ‘ಊರಾಗ ನಮ್ಮ ತಂಗಿ ಅದಾಳ್ರೀ ಟೀಚರ್, ಅಕಿಗೆ ಓದಿ ಹೇಳ್ತೀನಿ’ ಎಂದ. ನಮೂನೆಯಲ್ಲಿ ಪೀಠಿಕೆಗೆ, ಪ್ರಶ್ನಿಸುವ ಕೌಶಲಕ್ಕೆ, ಕಪ್ಪುಹಲಗೆಯ ಬಳಕೆಗೆ ಅಂಕಣಗಳಿದ್ದವು, ಇದಕ್ಕೆ ಇರಲಿಲ್ಲ. ಷರಾ ಜಾಗದಲ್ಲಿ ಬರೆದುಕೊಂಡೆ.

ಆ ಮಾತು ಅವರಿಗೆ ಹೊಳೆದದ್ದು ಜಾಣತನದಿಂದಲ್ಲ, ಆ ಪುಸ್ತಕವನ್ನು ನಿಜವಾಗಿ ಓದಿದ್ದರಿಂದ. ಓದದೆ ‘ಚೆನ್ನಾಗಿದೆ, ಓದು’ ಎಂದಿದ್ದರೆ ಮಗುವಿಗೆ ಅದು ತಕ್ಷಣ ಗೊತ್ತಾಗುತ್ತಿತ್ತು.

ಆಯ್ಕೆಯನ್ನು ಮಗುವಿಗೇ ಬಿಟ್ಟರೆ ಬರೀ ಹಗುರವಾದದ್ದನ್ನೇ ಓದುತ್ತದೆ ಎಂಬ ಆತಂಕ ನಮ್ಮಲ್ಲಿ ಅನೇಕರಿಗಿದೆ. ಅಮೆರಿಕದ ಫ್ಲಾರಿಡಾದಲ್ಲಿ ರಿಚರ್ಡ್ ಆಲಿಂಗ್ಟನ್ ಮತ್ತು ಸಂಗಡಿಗರು ಬಡ ಕುಟುಂಬಗಳ ಮಕ್ಕಳಿಗೆ ಸತತ 3 ಬೇಸಿಗೆ ತಲಾ 12 ಪುಸ್ತಕ ಕೊಟ್ಟು ನೋಡಿದರು. ಪುಸ್ತಕಗಳನ್ನು ಮಕ್ಕಳೇ ಆರಿಸಿಕೊಂಡಿದ್ದರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪುಸ್ತಕ ಸಿಗದ ಮಕ್ಕಳಿಗಿಂತ ಇವರ ಓದು ಗಮನಾರ್ಹವಾಗಿ ಮೇಲಿತ್ತು. ಕೈಗೆ ಪುಸ್ತಕ ಸಿಕ್ಕಿದ್ದು, ಅದು ತಾವೇ ಬಯಸಿದ ಪುಸ್ತಕವಾಗಿದ್ದು, ಇವೆರಡೂ ಅಲ್ಲಿ ಕೂಡಿದ್ದವು.

ಇದೇ ವಿವೇಕ ನಮ್ಮ ಮೈಸೂರು ರಸ್ತೆಯಲ್ಲೂ ಇದೆ. ಕೆಂಗೇರಿಯ ಕಡೆ ಹೋಗುವಾಗ ಸಿಗುವ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣದಲ್ಲಿ ಗ್ರಂಥಾಲಯ ವಿಜ್ಞಾನದ ಕೇಂದ್ರವೊಂದಿದೆ, ಡಿಆರ್‌ಟಿಸಿ. 1962ರಲ್ಲಿ ಬೆಂಗಳೂರಿನಲ್ಲಿ ಅದನ್ನು ಸ್ಥಾಪಿಸಿದವರು ಎಸ್.ಆರ್. ರಂಗನಾಥನ್. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗುವ ಮೊದಲು ಅವರು ಗಣಿತದ ಮೇಷ್ಟ್ರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕೆನ್ನುತ್ತದೆ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆನ್ನುತ್ತದೆ. ಅವೆರಡೂ ತಾವಾಗಿ ಸಂಧಿಸುವುದಿಲ್ಲ, ನಡುವೆ ಒಬ್ಬರು ನಿಲ್ಲಬೇಕು. ಶಾಲೆಯಲ್ಲಿ ಗ್ರಂಥಪಾಲಕರಿಲ್ಲದಿದ್ದರೆ ಆ ಒಬ್ಬರು ತರಗತಿಯ ಶಿಕ್ಷಕರೇ.

ಪುಸ್ತಕಗಳು ವಾಪಸ್ ಬರುತ್ತವೆಯೇ ಎಂಬುದು ಮುಖ್ಯ ಶಿಕ್ಷಕರ ನ್ಯಾಯವಾದ ಪ್ರಶ್ನೆ. ದಾಸ್ತಾನು ವಹಿಗೆ ಉತ್ತರ ಕೊಡಬೇಕಾದವರು ಅವರು. ಆದ್ದರಿಂದ ರಜೆಗೆ ಕಳಿಸಿದ್ದು ನಾವೇ ಹೊಂದಿಸಿದ ಪುಸ್ತಕಗಳನ್ನು. ಒಂದು ನೋಟ್‌ಬುಕ್ಕಿನಲ್ಲಿ ಮಕ್ಕಳೇ ಹೆಸರು ಬರೆದು ಸಹಿ ಮಾಡಿದರು. ಜೂನ್ ಹೊತ್ತಿಗೆ 38ರಲ್ಲಿ 31 ಮರಳಿದವು. ಕೆಲವಕ್ಕೆ ಅರಿಸಿನದ ಕಲೆ, ಒಂದಕ್ಕೆ ಹೊಸ ರಟ್ಟು. ಚಿತ್ರಪುಸ್ತಕ ಒಯ್ದ ಹುಡುಗ ಮರಳಲಿಲ್ಲ. ಅವನ ಮನೆಯವರು ಊರಲ್ಲೇ ಉಳಿದರಂತೆ. ಅಲ್ಲಿ ಶಾಲೆಗೆ ಸೇರಿದ್ದಾನೋ ಇಲ್ಲವೋ ತಿಳಿಸುವವರಿಲ್ಲ. ಆ ಪುಸ್ತಕದ ಸಾಲನ್ನು ನಾವು ನೋಟ್‌ಬುಕ್ಕಿನಲ್ಲಿ ಹೊಡೆದುಹಾಕಿಲ್ಲ. ಮರಳಿ ಬಾರದ ಮಗುವಿನ ಜೊತೆ ಒಂದು ಪುಸ್ತಕವಾದರೂ ಹೋಗಿದೆ ಎಂಬುದು ನಷ್ಟದ ಲೆಕ್ಕಕ್ಕೆ ಸೇರುವ ಸಂಗತಿ ಅಂತ ನನಗೆ ಅನ್ನಿಸಿಲ್ಲ.

ಇನ್ನು ನಮ್ಮದೇ ಬೇಸಿಗೆಯ ಮಾತು. ವಿಜಯನಗರದಲ್ಲಿ ಕೋಚಿಂಗ್ ಕೇಂದ್ರಗಳ ಸಾಲೇ ಇದೆ. ಸುತ್ತಲಿನ ಗ್ರಂಥಾಲಯಗಳಲ್ಲಿ ಬೆಳಿಗ್ಗೆಯೇ ಕುರ್ಚಿ ತುಂಬುವುದು ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್ ಹಿಡಿದವರಿಂದ. ಅವರಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳೂ ಇರುತ್ತಾರೆ. ಟಿಇಟಿ ಪಾಸಾಗಬೇಕು, ಕೆಲಸ ಸಿಗಬೇಕು. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅದೇ ಕಟ್ಟಡದಲ್ಲಿ ಮಕ್ಕಳ ಪುಸ್ತಕಗಳ ಕಪಾಟೂ ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ನಗರದ ಮನೆಯವರು ಆಸ್ತಿ ತೆರಿಗೆಯ ಜೊತೆ ಶೇ. 6ರ ಗ್ರಂಥಾಲಯ ಕರ ಕಟ್ಟುತ್ತಾರೆ. ಆ ಕಪಾಟು ಎಲ್ಲರ ಹಣದ್ದು. ದಿನಕ್ಕೆ ಅರ್ಧ ಗಂಟೆ ಗೈಡ್ ಮುಚ್ಚಿ ಅಲ್ಲಿಂದ ಒಂದನ್ನು ಎತ್ತಿಕೊಂಡರೆ ಏಳು ವಾರದಲ್ಲಿ ಹತ್ತಾರು ಮಕ್ಕಳ ಪುಸ್ತಕ ಓದಬಹುದು. ‘ಪರಿಸರದ ಕತೆ’ಯ ಬರಹಗಳು ಬಿಡಿಬಿಡಿಯಾಗಿವೆ, ಒಂದೊಂದಾಗಿ ಓದಬಹುದು. ಮೊಬೈಲ್‌ನಲ್ಲಾದರೆ 2015ರಿಂದ ಇರುವ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಉಚಿತ. ನಮ್ಮ ಕಸುಬಿನದೇ ಬೇಕೆಂದರೆ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ ಇದೆ. ಅಲ್ಲಿಯ ಮೇಷ್ಟ್ರು ಪಠ್ಯಕ್ಕೆ ಕೈ ಹಾಕುವ ಮೊದಲು ಕಥೆ ಹೇಳಿ ತರಗತಿಯನ್ನು ಗೆಲ್ಲುತ್ತಾರೆ.

ಎರಡು ವರ್ಷದ ಬಿ.ಇಡಿ.ಯಲ್ಲಿ ಪಠ್ಯಗಳ ಓದು ಮತ್ತು ಮನನಕ್ಕೆ ಪತ್ರಿಕೆಯೇ ಇದೆ. ಅದರ ದಾಖಲೆ ಪುಸ್ತಕಕ್ಕೆ ನಾನು ಈ ವರ್ಷದಿಂದ ಒಂದು ಪುಟ ಸೇರಿಸಲು ಹೇಳಿದ್ದೇನೆ: ಈ ಬೇಸಿಗೆಯಲ್ಲಿ ನಾನೇ ಆರಿಸಿ ಓದಿದ ಐದು ಮಕ್ಕಳ ಪುಸ್ತಕ, ಅರ್ಧಕ್ಕೇ ಬಿಟ್ಟ ಒಂದು ಪುಸ್ತಕ, ಮತ್ತು ಪ್ರತಿಯೊಂದನ್ನೂ ಎಂಥ ಮಗುವಿನ ಕೈಗೆ ಕೊಡುತ್ತೇನೆ ಎಂಬುದು. ಅಂಕ ಇಟ್ಟಿಲ್ಲ. ಮುಂದಿನ ಮಾರ್ಚ್‌ನ ಪೀರಿಯಡ್‌ಗೆ ಬೆಂಚಿನ ಮೇಲೆ ಏನನ್ನು ಹರಡಬೇಕೆಂಬುದು ಆ ಪುಟದಿಂದಲೇ ತೀರ್ಮಾನವಾಗಲಿ.