ಮಗಳ ಬೈಕಿಗೊಂದು ಜಿಪಿಎಸ್

ಹಪ್ಪಳ, ಸಂಡಿಗಿ, ಮಸಾಲಿಖಾರ ಎಲ್ಲಾ ಬರದಾತು. ಈ ಸಲ ಬ್ಯಾರೇನೇ ವಿಷಯ, ಬೈಕಿಗೆ ಹಚ್ಚೋ ಜಿಪಿಎಸ್. ‘ಈಕಿ ಯಾವಾಗ ಬೈಕ್ ಹೊಡಿಯಾಕ ಕಲತ್ಲು?’ ಅಂತ ನಗಬ್ಯಾಡ್ರಿ. ಹೊಡಿಯಾಕಿ ನಮ್ಮ ಮಗಳು. ಮನ್ಯಾಗ ಕುಂತು ದಾರಿ ಕಾಯಾಕಿ ನಾನು. ಹಿಂಗಾಗಿ ಅದನ್ನ ತಗೊಳ್ಳೂ ಮುಂದ ನಾನೂ ನಾಕ ಮಂದೀನ ಕೇಳಿ ತಿಳಕೊಂಡೆ. ನಿಮ್ಮ ಮನ್ಯಾಗೂ ಬೈಕ್ ಹೊಡಿಯೋ ಮಕ್ಕಳು ಅದಾರ, ಉಪಯೋಗ ಆದೀತು.

ದೀಪಾವಳಿ ಆದ ಮ್ಯಾಲೆ ಮಗಳು, ಆಕಿ ಇಬ್ಬರು ಗೆಳತ್ಯಾರು ಕೂಡಿ ಬೈಕ್ ಮ್ಯಾಲೆ ಕಾರವಾರಕ್ಕ ಹೋಗೂದು ಅಂತ ಠರಾವು ಆತು. ಧಾರವಾಡದಿಂದ ಹಳಿಯಾಳ, ದಾಂಡೇಲಿ, ಜೋಯಿಡಾ, ಆಮ್ಯಾಲೆ ಅಣಶಿ ಘಟ್ಟ ಇಳದು ಕದ್ರಾ, ಅಲ್ಲಿಂದ ಕಾರವಾರ. ಸುಮಾರು 160 ಕಿಲೋಮೀಟರ್. ಅರ್ಧಕ್ಕರ್ಧ ಅಡವಿ. “ಅವ್ವಾ, ದಾರಿ ತೋರಸೋ ಜಿಪಿಎಸ್ ಒಂದು ತಗೋಬೇಕು” ಅಂದ್ಲು. ಅದನ್ನ ಕೇಳಿ ನಮ್ಮ ಮೈದುನ, “ವೈನಿ, ಸೀಟಿನ ಕೆಳಗ ಒಂದು ಸಣ್ಣ ಜಿಪಿಎಸ್ ಡಬ್ಬಿ ಕೂಡಸೂಣು. ಆಕಿಗೆ ಹೇಳೂದ ಬ್ಯಾಡ. ನೀವು ಅಡಗಿಮನ್ಯಾಗ ಕುಂತು ಎಲ್ಲೆಲ್ಲಿ ಹೋದ್ಲು ನೋಡಬಹುದು” ಅಂದ್ರು.

ಇಬ್ಬರೂ ಜಿಪಿಎಸ್ ಅಂದ್ರು. ಆದ್ರ ಎರಡೂ ಒಂದ ಸಾಮಾನು ಅಲ್ಲ.

ಸುಮಾರು 20,000 ಕಿಲೋಮೀಟರ್ ಮ್ಯಾಲೆ ತಿರಗೋ ಉಪಗ್ರಹಗಳ ಸಂಕೇತ ಕೇಳಿ ತಾನು ಎಲ್ಲಿದ್ದೀನಿ ಅಂತ ಲೆಕ್ಕ ಹಾಕೂದು ಜಿಪಿಎಸ್. ಲೆಕ್ಕ ಸರಿ ಕೂಡಾಕ ನಾಕರ ಉಪಗ್ರಹ ಸಿಗಬೇಕು. ಅದು ಬರೇ ಕೇಳತೈತಿ, ಹೇಳಂಗಿಲ್ಲ. ನಾವು ರೇಡಿಯೋ ಹಚ್ಚಿದ್ರ ನಮ್ಮ ಮನಿ ಎಲ್ಲೈತಿ ಅಂತ ಆಕಾಶವಾಣಿಯವರಿಗೆ ಗೊತ್ತಾಗತದೇನು? ಹಂಗ. ದಾರಿ ತೋರಸೂದು ಬೈಕ್ ಹೊಡಿಯಾಕಿಗೆ ಅಷ್ಟ ಸುದ್ದಿ ಕೊಡತೈತಿ. ಮೈದುನ ಹೇಳಿದ ಡಬ್ಬಿ ಟ್ರ್ಯಾಕರ್. ಅದರಾಗ ಸಿಮ್ ಇರತೈತಿ, ಮೊಬೈಲ್ ನೆಟ್‌ವರ್ಕ್ ಮ್ಯಾಲೆ ಮನಿಗೆ ಸುದ್ದಿ ಕಳಸತೈತಿ. ನೆಟ್‌ವರ್ಕ್ ಇಲ್ಲಂದ್ರ ಅದೂ ಮೂಕ.

ಮೊದಲು ದಾರಿ ತೋರಸೋದರ ಬಗ್ಗೆ ಹೇಳತೀನಿ. ಬೈಕಿಗಂತನ ಮಾಡಿದ್ದು ಗಾರ್ಮಿನ್ ಜುಮೋ ಅಂತ ಬರತೈತಿ. ಮಳಿಗೆ ಜಗ್ಗಂಗಿಲ್ಲ, ಬಿಸಲಾಗ ಕಾಣತೈತಿ, ಕೈಚೀಲ ಹಾಕ್ಕೊಂಡ ಒತ್ತಬಹುದು. ಐಪಿಎಕ್ಸ್7 ಅಂತ ಬರದಿದ್ರ 1 ಮೀಟರ್ ನೀರಾಗ 30 ನಿಮಿಷ ಇದ್ರೂ ತಡಕೋತೈತಿ ಅಂತ ಅರ್ಥ. ಆದ್ರ ಹತ್ತಾರು ಸಾವಿರ ರೂಪಾಯಿ. ವರ್ಷಕ್ಕ ಎರಡು ಸಲ ದೂರ ಹೋಗಾಕಿಗೆ ಅಷ್ಟು ಯಾಕ? ರಾಯಲ್ ಎನ್‌ಫೀಲ್ಡಿನ ಕೆಲವು ಗಾಡಿಗೆ ಟ್ರಿಪ್ಪರ್ ಅನ್ನೋ ಸಣ್ಣ ಗುಂಡನ ಪರದೆ ಬರತೈತಿ, ಎಲ್ಲಿ ತಿರಗಬೇಕು ಅಂತ ಬಾಣ ತೋರಸತೈತಿ. ಅದಕ್ಕೂ ಕಿಸೆದಾಗಿನ ಫೋನ್ ಬೇಕ ಬೇಕು.

ಹಂಗಾರ ಫೋನನ್ನ ಹ್ಯಾಂಡಲಿಗೆ ಹಾಕಿದ್ರಾತು ಅಂದ್ವಿ. ಅದರಾಗೂ ತೊಂದರೆ. ಬಿಸಲಿಗೆ ಫೋನ್ ಕಾದು ಪರದೆ ಮಬ್ಬ ಆಗತೈತಿ. ಒದ್ದಿ ಆದ್ರ ಬಟ್ಟಿನ ಮಾತ ಕೇಳಂಗಿಲ್ಲ. ಬೈಕಿನ ನಡುಗಿಗೆ ಕ್ಯಾಮೆರಾ ಕೆಡಬಹುದು ಅಂತ 2021ರಾಗ ಆಪಲ್ ಕಂಪನಿಯವರ ಹೇಳ್ಯಾರ.

ಕಡಿಕ ಹಾದಿ ಸಿಕ್ಕಿದ್ದು ನಮ್ಮ ಕಪಾಟಿನ್ಯಾಗ. ನಮ್ಮನಿಯವರ ಹಳೇ ಫೋನ್ ಸುಮ್ಮನ ಬಿದ್ದಿತ್ತು. ಅದರ ಕ್ಯಾಮೆರಾ ಕೆಟ್ಟರೇನು, ಬಿಟ್ಟರೇನು? ಸಿಮ್ ಇಲ್ಲದಿದ್ರೂ ಜಿಪಿಎಸ್ ನಡೀತೈತಿ. ಮೊದಲಿಗೆ ಸ್ವಲ್ಪ ತಡಾ ಆಗತೈತಿ, ಬಯಲಾಗ ಇಟ್ರ ಹಿಡಕೋತೈತಿ. ಮಗಳು ಮನ್ಯಾಗಿದ್ದಾಗ ಗೂಗಲ್ ಮ್ಯಾಪ್‌ನ್ಯಾಗ ಕಾರವಾರತನಾ ನಕಾಶೆ ಇಳಿಸಿಕೊಂಡ್ಲು. ಟ್ರಾಫಿಕ್ ಸುದ್ದಿ ಸಿಗಂಗಿಲ್ಲ, ಅಡವ್ಯಾಗ ಅದು ಬೇಕಾಗೂ ಇಲ್ಲ. ಗಟ್ಟಿ ಹೋಲ್ಡರ್ ಒಂದು, ಗಾಡಿ ಬ್ಯಾಟರಿಯಿಂದ ಚಾರ್ಜ್ ಆಗೋ ವೈರ್ ಒಂದು, ಇಷ್ಟ ಖರ್ಚು. ಹೊಸಾ ಫೋನ್ ಆಕಿ ಜಾಕೀಟಿನ ಕಿಸೆದಾಗ. ಇದು ಮುಖ್ಯ. ಬೈಕ್ ಒಂದ ಕಡೆ, ಆಕಿ ಒಂದ ಕಡೆ ಬಿದ್ರೂ ಮಾತಾಡೋ ಫೋನ್ ಮೈಮ್ಯಾಲೆ ಇರಬೇಕು.

ಇನ್ನ ಸೀಟಿನ ಕೆಳಗಿನ ಡಬ್ಬಿ. ಗಾಡಿ ಕಳುವಾದೀತು ಅಂತ ಹಾಕಸಿದ್ರ ಚೊಲೊ ಸಾಮಾನ. ಆದ್ರ ಮಗಳಿಗೆ ಗೊತ್ತಿಲ್ಲದಂಗ ಹಾಕೂದು ನನ್ನ ಮನಸ್ಸಿಗೆ ಬರಲಿಲ್ಲ. ಇಪ್ಪತ್ತಾರು ವರ್ಷದಾಕಿ, ದುಡೀತಾಳ, ತನ್ನ ರೊಕ್ಕದಾಗ ಗಾಡಿ ತಗೊಂಡಾಳ. ಒಂದಿನ ಆ ಡಬ್ಬಿ ಆಕಿ ಕೈಗೆ ಸಿಕ್ಕಿತಂದ್ರ, ಆಮ್ಯಾಲೆ ‘ಎಲ್ಲಿದ್ದೀವಾ?’ ಅಂತ ಕೇಳಿದ್ರ ಖರೇ ಹೇಳತಾಳೇನು? ಕದ್ದು ನೋಡಿ ತಿಳಕೊಳ್ಳೂದಕ್ಕಿಂತ ಆಕಿ ಬಾಯಿಂದ ಕೇಳೂದ ನನಗ ಬೇಕು. ಮೈದುನಗೂ ಇದನ್ನ ಹೇಳಿದೆ. ಸ್ವಲ್ಪ ಮುಖಾ ಸಣ್ಣದ ಮಾಡಿದ್ರು, ಆಮ್ಯಾಲೆ “ಅದೂ ಖರೇರಿ ವೈನಿ” ಅಂದ್ರು.

ಮಗಳ ಮುಂದ ಕುಂತು ನೇರವಾಗಿ ಕೇಳಿದೆ, “ನನಗ ಅಂಜಿಕಿ ಆಗತೈತಿ. ಏನ ಮಾಡತಿ ಹೇಳು.” ಆಕಿನ ವಾಟ್ಸಾಪ್‌ನ್ಯಾಗ ಲೈವ್ ಲೊಕೇಶನ್ 8 ತಾಸಿಗೆ ಹಚ್ಚಿ ಕೊಡತೀನಿ ಅಂದ್ಲು. ಹೊತ್ತು ಮುಗದ ಮ್ಯಾಲೆ ಅದು ತಾನ ಬಂದ್ ಆಗತೈತಿ. ದಾಂಡೇಲಿ, ಕದ್ರಾ, ಕಾರವಾರ ಮೂರು ಕಡೆಯಿಂದ ಫೋನ್. ಗೆಳತ್ಯಾರ ನಂಬರು, ಗಾಡಿ ನಂಬರು ಒಂದ ಹಾಳ್ಯಾಗ ಬರದು ಫ್ರಿಜ್ಜಿಗೆ ಅಂಟಿಸಿದ್ಲು. ಮಧ್ಯಾಹ್ನ ಒಂದರತನಾ ಏನೂ ಸುದ್ದಿ ಇಲ್ಲಂದ್ರ ಮೊದಲು ಗೆಳತ್ಯಾರಿಗೆ, ಆಮ್ಯಾಲೆ 112ಕ್ಕ.

ಹೋದ ದಿನ ಜೋಯಿಡಾ ದಾಟಿದ್ದ ತಡ ನನ್ನ ಫೋನಿನ ಚುಕ್ಕಿ ಗಪ್ಪನ ನಿಂತು ಬಿಡ್ತು. 9:20. ಹತ್ತಾತು, ಹತ್ತೂವರಿ ಆತು, ಅಲ್ಲೇ ಐತಿ. ನಮ್ಮನಿಯವರು ಒಳಗ ಹೊರಗ ಅಡ್ಯಾಡಾಕ ಹತ್ತಿದ್ರು. ನಾನೂ ಕಾಳಜಿ ಇಲ್ಲದಾಕಿ ಅಲ್ಲ, ಎದಿ ಹೊಡಕೋತಿತ್ತು. ಆದ್ರೂ, “ನೆಟ್‌ವರ್ಕ್ ಇಲ್ಲದಾಗ ಚುಕ್ಕಿ ನಿಲ್ಲತೈತ್ರಿ, ಹುಡುಗಿ ನಿಲ್ಲಂಗಿಲ್ಲ. ಉಪಗ್ರಹ ಆಕಿಗೆ ದಾರಿ ತೋರಸಾಕ ಹತ್ತಿರತೈತಿ” ಅಂದೆ. ಹನ್ನೊಂದು ದಾಟಿ ಐದ ನಿಮಿಷಕ್ಕ ಕದ್ರಾದಿಂದ ಫೋನ್ ಬಂತು. “ಅವ್ವಾ, ಘಟ್ಟ ಇಳದ್ವಿ. ಚಹಾ ಕುಡಿಯಾಕತ್ತೀವಿ.”

ನೀವೂ ತಗೊಳ್ಳೂದಿದ್ರ ಅಂಗಡಿಗೆ ಹೋಗೂ ಮೊದಲು ಮನ್ಯಾಗ ಕೇಳಿಕೊಳ್ರಿ, ದಾರಿ ಗೊತ್ತಾಗಬೇಕಾದ್ದು ಯಾರಿಗೆ, ಸುದ್ದಿ ಗೊತ್ತಾಗಬೇಕಾದ್ದು ಯಾರಿಗೆ? ಮೊದಲನೇದನ್ನ ಅಂಗಡ್ಯಾಗ ಕೊಳ್ಳಬಹುದು. ಎರಡನೇದನ್ನ ಮಕ್ಕಳ ಕೂಡ ಮಾತಾಡೇ ಪಡಕೋಬೇಕು. ಮುಂದಿನ ಸಲ ಆಕಿ ಕಾರವಾರದಿಂದ ತಂದ ಒಣ ಕೋಕಂ ಸಾರಿನ ಬಗ್ಗೆ ಬರೀತೀನಿ.