ಹೊಳೆ ದಾಟಿದರೆ ರೊಕ್ಕ ಬೇರೆ!

ಮಕ್ಕಳೇ, ಅಫಜಲಪುರದಲ್ಲಿ ಬಸ್ಸು ಹತ್ತಿ ಭೀಮಾ ಹೊಳೆಯ ಸೇತುವೆ ದಾಟಿದರೆ ಸ್ವಲ್ಪ ಹೊತ್ತಿಗೆ ಆಲಮೇಲ ಬರುತ್ತದೆ. ಇನ್ನೂ ಮುಂದೆ ಹೋದರೆ ಸಿಂದಗಿ. ಈಚೆ ಕಲಬುರಗಿ ಜಿಲ್ಲೆ, ಆಚೆ ವಿಜಯಪುರ ಜಿಲ್ಲೆ. ಎರಡೂ ಕಡೆ ಅದೇ ಕನ್ನಡ, ಅದೇ ಜೋಳದ ಹೊಲ, ಅದೇ ಖಡಕ್ ರೊಟ್ಟಿ. ಈಚೆ ಕೊಟ್ಟ ಹತ್ತು ರೂಪಾಯಿ ಆಚೆಯೂ ಹತ್ತೇ ರೂಪಾಯಿ.

ಆದರೆ ನಿಮ್ಮ ಮುತ್ಯಾನ ಅಪ್ಪನ ಕಾಲದಲ್ಲಿ ಹೀಗಿರಲಿಲ್ಲ. ಹೊಳೆ ದಾಟಿದರೆ ರೊಕ್ಕವೇ ಬೇರೆಯಾಗುತ್ತಿತ್ತು! ಈಚೆಯ ರೂಪಾಯಿಗೆ ಆಚೆ ಹದಿನಾಲ್ಕಾಣೆಯ ಬೆಲೆಯೂ ಸಿಗುತ್ತಿರಲಿಲ್ಲ. ಯಾಕೆ ಹೀಗೆ? ಬನ್ನಿ, ಆಳಂದ, ಅಫಜಲಪುರ, ಜೇವರ್ಗಿಗಳ ಸುತ್ತ ಒಂದು ಸುತ್ತು ಹಾಕಿ ಬರೋಣ.

ಹಾಲಿ ಮತ್ತು ಕಲದಾರ

ಈ ಮೂರೂ ಊರುಗಳು 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದವು. ವಿಜಯಪುರ, ಸೊಲ್ಲಾಪುರಗಳು ಬ್ರಿಟಿಷರ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ನಡುವೆ ಅಕ್ಕಲಕೋಟೆ ಎಂಬ ಚಿಕ್ಕ ಸಂಸ್ಥಾನ.

ನಿಜಾಮರ ಸಂಸ್ಥಾನಕ್ಕೆ ಅದರದೇ ಟಂಕಸಾಲೆ ಇತ್ತು, ಅದರದೇ ರೂಪಾಯಿ ಇತ್ತು. ಅದಕ್ಕೆ ‘ಹಾಲಿ ಸಿಕ್ಕಾ’ ಎಂದು ಹೆಸರು. ಜನ ಬಾಯಲ್ಲಿ ‘ಹಾಲಿ’ ಎನ್ನುತ್ತಿದ್ದರು. ಹಾಲಿ ಎಂದರೆ ಈಗ ಚಲಾವಣೆಯಲ್ಲಿರುವುದು, ಸಿಕ್ಕಾ ಎಂದರೆ ನಾಣ್ಯ. ಬ್ರಿಟಿಷರ ರೂಪಾಯಿಗೆ ‘ಕಲದಾರ’ ಎಂಬ ಹೆಸರಿತ್ತು. ಕಲ್ ಎಂದರೆ ಯಂತ್ರ. ಯಂತ್ರದಲ್ಲಿ ಅಚ್ಚು ಹಾಕಿದ್ದು ಕಲದಾರ. ಮುಂದೆ ಹಾಲಿ ನಾಣ್ಯವೂ ಯಂತ್ರದಲ್ಲೇ ತಯಾರಾಗತೊಡಗಿತು. ಆದರೂ ಕಲದಾರ ಎಂಬ ಹೆಸರು ಬ್ರಿಟಿಷರ ರೂಪಾಯಿಗೇ ಅಂಟಿಕೊಂಡಿತು.

ಹಾಲಿ ರೂಪಾಯಿಯ ಮೇಲೆ ಚಾರ್‌ಮಿನಾರ್ ಇರುತ್ತಿತ್ತು. ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನರ ಕಾಲದ ನಾಣ್ಯವಾದರೆ ಆ ಚಾರ್‌ಮಿನಾರಿನ ಬಾಗಿಲಲ್ಲಿ ‘ಐನ್’ ಎಂಬ ಅಕ್ಷರ ಕಾಣುತ್ತದೆ. ಅದು ಉಸ್ಮಾನ್ ಎಂಬ ಹೆಸರಿನ ಮೊದಲ ಅಕ್ಷರ. ಅವರ ತಂದೆ ಮಹಬೂಬ್ ಅಲಿ ಖಾನರ ಕಾಲದ್ದಾದರೆ ‘ಮೀಮ್’ ಇರುತ್ತದೆ. ನಿಮ್ಮ ಆಯಿಯ ಹಳೆಯ ಪೆಟ್ಟಿಗೆಯಲ್ಲಿ ಇಂಥ ನಾಣ್ಯ ಸಿಕ್ಕರೆ ಬಾಗಿಲನ್ನು ಕಣ್ಣಿಟ್ಟು ನೋಡಿ.

ನಿಜಾಮರ ಸರ್ಕಾರ 1918ರಿಂದ ಕಾಗದದ ನೋಟನ್ನೂ ತಂದಿತು. ಅದರ ಮೇಲೆ ಉರ್ದುವಿನ ಜೊತೆಗೆ ಕನ್ನಡ, ತೆಲುಗು, ಮರಾಠಿ, ಇಂಗ್ಲಿಷ್‌ಗಳಲ್ಲೂ ಬೆಲೆ ಬರೆದಿರುತ್ತಿತ್ತು. ಸಂಸ್ಥಾನದಲ್ಲಿ ಈ ಎಲ್ಲ ಭಾಷೆಯವರೂ ಇದ್ದರಲ್ಲ! ಈಗಿನ ನಮ್ಮ ನೋಟಿನ ಹಿಂಬದಿಯ ಭಾಷೆಗಳ ಪಟ್ಟಿಯಲ್ಲೂ ಕನ್ನಡ ಇದೆ. ಮೇಲಿನಿಂದ ಎಣಿಸಿ, ನಾಲ್ಕನೆಯದು.

ಏಳಕ್ಕೆ ಆರು

ಎರಡು ರೂಪಾಯಿಗಳ ಬೆಲೆ ಯಾಕೆ ಬೇರೆ? ಬೆಳ್ಳಿಯನ್ನು ಕೇಳಬೇಕು. 1940ಕ್ಕೆ ಮೊದಲಿನ ಕಲದಾರ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತಿತ್ತು. ಅದರ 12 ಪಾಲಿನಲ್ಲಿ 11 ಪಾಲು ಬೆಳ್ಳಿ. ಹಾಲಿ ರೂಪಾಯಿಯ ತೂಕ ಸುಮಾರು 11.2 ಗ್ರಾಂ. ಅದರಲ್ಲಿ ಬೆಳ್ಳಿಯ ಪಾಲೂ ಕಡಿಮೆ. ಹಾಗಾಗಿ 7 ಹಾಲಿಗೆ 6 ಕಲದಾರ ಎಂಬುದು ಸರ್ಕಾರಿ ದರವಾಗಿತ್ತು. ನೂರು ಕಲದಾರ ಬೇಕಾದರೆ 116 ರೂಪಾಯಿ 10 ಆಣೆ 8 ಪೈ ಹಾಲಿ ಕೊಡಬೇಕು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಈ ಲೆಕ್ಕವನ್ನು ಬಾಯಲ್ಲೇ ಮಾಡುವವರಿದ್ದರು. ಮನೆಯ ಹಿರಿಯರನ್ನು ಕೇಳಿ, ಕಾಲು, ಅರೆ, ಮುಕ್ಕಾಲಿನ ಮಗ್ಗಿ ಹೇಳಬಲ್ಲವರು ಈಗಲೂ ಸಿಗಬಹುದು.

ದರ ಏಳಕ್ಕೆ ಆರು ಎಂದ ಮೇಲೆ ಯಾರಿಗೂ ನಷ್ಟವಿಲ್ಲ ಎನಿಸುತ್ತದೆ ಅಲ್ಲವೇ? ಆದರೆ ರೊಕ್ಕ ವಟಾಯಿಸಿ ಕೊಡುವ ಸರಾಫ ತನ್ನ ಪಾಲು ಇಟ್ಟುಕೊಳ್ಳದೆ ಬಿಡುವನೇ? ಅದಕ್ಕೆ ವಟ್ಟ ಎನ್ನುತ್ತಾರೆ. ಒಂದು ಲೆಕ್ಕ ಮಾಡೋಣ. ಆಳಂದದ ರೈತನೊಬ್ಬ 7 ಹಾಲಿ ಹಿಡಿದು ಸೊಲ್ಲಾಪುರದ ಪೇಟೆಗೆ ಹೋದ ಎನ್ನಿ. ಬರಬೇಕಾದದ್ದು 6 ಕಲದಾರ. ಸರಾಫ ರೂಪಾಯಿಗೆ ಒಂದಾಣೆ ಮುರಿದುಕೊಂಡರೆ ಕೈಗೆ ಬಂದದ್ದು 5 ರೂಪಾಯಿ 10 ಆಣೆ. ಚಾದರ ಕೊಳ್ಳಬೇಕೆಂದಿದ್ದ, ಮನಸ್ಸಿಗೆ ಬರಲಿಲ್ಲ. ಹಾಗೇ ತಿರುಗಿ ಬಂದ. ಊರಲ್ಲಿ ಮತ್ತೆ ಹಾಲಿ ಮಾಡಿಸಿದರೆ ಬರಬೇಕಾದದ್ದು 6 ರೂಪಾಯಿ 9 ಆಣೆ. ಇಲ್ಲಿಯ ಸರಾಫನೂ ಆರಾಣೆ ಮುರಿದುಕೊಂಡ. ಉಳಿದದ್ದು 6 ರೂಪಾಯಿ 3 ಆಣೆ. ಏನನ್ನೂ ಕೊಳ್ಳದೆ, ಏನನ್ನೂ ತಿನ್ನದೆ 13 ಆಣೆ ಹೋಯಿತು!

ಮೂರು ಊರು, ಮೂರು ಗಡಿ

ಆಳಂದದಿಂದ ಎರಡು ದಾರಿ ನೋಡಿ. ಅಕ್ಕಲಕೋಟೆಯ ಕಡೆ ಹೊರಟರೆ ಗಡಿಯಲ್ಲಿ ಕಲದಾರದ ಸೀಮೆ ಶುರು. ಖಜೂರಿಯ ಮೇಲೆ ಉಮರಗಾಕ್ಕೆ ಹೊರಟರೆ ಮಾತ್ರ ರೊಕ್ಕ ಬದಲಿಸುವ ಗೋಜೇ ಇಲ್ಲ. ಉಮರಗಾ ಇದ್ದ ಉಸ್ಮಾನಾಬಾದ್ ಜಿಲ್ಲೆಯೂ ನಿಜಾಮರದೇ. ಇಂದು ಅಲ್ಲಿ ಕರ್ನಾಟಕ ಮುಗಿದು ಮಹಾರಾಷ್ಟ್ರ ಶುರುವಾಗುತ್ತದೆ. ಆಗ ಗಡಿ ಇಲ್ಲದ ಕಡೆ ಈಗ ಗಡಿ, ಆಗ ಗಡಿ ಇದ್ದ ಭೀಮಾ ಹೊಳೆಯ ಎರಡೂ ದಂಡೆ ಈಗ ಒಂದೇ ರಾಜ್ಯ.

ಅಫಜಲಪುರ ತಾಲ್ಲೂಕಿನಲ್ಲಿ ಗಾಣಗಾಪುರವಿದೆ. ಆಳಂದದ ಕಡೆಯಿಂದ ಹರಿದು ಬರುವ ಅಮರಜಾ ಹೊಳೆ ಭೀಮೆಯನ್ನು ಕೂಡುವುದು ಅಲ್ಲಿಯೇ. ದತ್ತಾತ್ರೇಯನ ದರ್ಶನಕ್ಕೆ ಮುಂಬಯಿ ಪ್ರಾಂತ್ಯದಿಂದ ಬರುವವರ ಗಂಟಿನಲ್ಲಿ ಇರುತ್ತಿದ್ದದ್ದು ಕಲದಾರ. ಇಲ್ಲಿಯವರ ಕೈಯಲ್ಲಿ ಇದ್ದದ್ದು ಹಾಲಿ. ಯಾತ್ರೆಯ ಊರು, ಸಂತೆಯ ಊರುಗಳಲ್ಲಿ ಎರಡೂ ನಾಣ್ಯ ಓಡಾಡುತ್ತಿದ್ದರೆ ಆಶ್ಚರ್ಯವೇನು?

ಜೇವರ್ಗಿಯದು ಇನ್ನೊಂದು ಬಗೆ. ಅದು ಭೀಮೆಯ ತೆಂಕಣ ದಂಡೆಯಲ್ಲಿದ್ದೂ ನಿಜಾಮರ ಸೀಮೆಯೇ. ಅದಕ್ಕೂ ಸಿಂದಗಿ ತಾಲ್ಲೂಕಿಗೂ ನಡುವಿನದು ಬರೀ ನೆಲದ ಗಡಿ. ರೊಕ್ಕದ ಜೊತೆಗೆ ಇನ್ನೊಂದು ಲೆಕ್ಕವೂ ಇತ್ತು. ಸಂಸ್ಥಾನದ ಒಳಗೆ ಬರುವ, ಹೊರಗೆ ಹೋಗುವ ಮಾಲಿಗೆ ಸುಂಕ. ಸುಂಕದ ಇಲಾಖೆಗೆ ಕರೋಡಗಿರಿ ಎಂದು ಹೆಸರು. ಈಚೆ ಮಗಳು, ಆಚೆ ಬೀಗರು ಇದ್ದವರಿಗೆ ಗಡಿ ಎಂದರೆ ಏನೆಂದು ಹೇಳಿಕೊಡಬೇಕಿರಲಿಲ್ಲ.

ಕಷ್ಟದ ಒಂದು ವರ್ಷ

1947ರಲ್ಲಿ ಭಾರತಕ್ಕೆ ಸ್ವಾತಂತ್ರ್ಯ ಬಂದರೂ ಹೈದರಾಬಾದ್ ಸಂಸ್ಥಾನ ಸೇರಲಿಲ್ಲ. ನವೆಂಬರ್ 29ರಂದು ಭಾರತದೊಂದಿಗೆ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಬೆನ್ನಿಗೇ ನಿಜಾಮರ ಸರ್ಕಾರ ಒಂದು ಆಜ್ಞೆ ಹೊರಡಿಸಿತು: ಸಂಸ್ಥಾನದಲ್ಲಿ ಭಾರತದ ನಾಣ್ಯಕ್ಕೆ ಮಾನ್ಯತೆ ಇಲ್ಲ! ಗಡಿಯಲ್ಲಿ ಎರಡೂ ರೊಕ್ಕ ಇಟ್ಟುಕೊಂಡು ಬದುಕಿದ್ದವರ ಪಾಡೇನು?

ಮುಂದೆ ರಜಾಕಾರರ ಹಾವಳಿ ಹೆಚ್ಚಿದಾಗ ಎಷ್ಟೋ ಕುಟುಂಬಗಳು ಮನೆ, ದನಕರು ಬಿಟ್ಟು ಸೊಲ್ಲಾಪುರ, ವಿಜಯಪುರದ ಕಡೆ ಹೋದವು. ಹೊಲ ಹಿಂದೆ ಉಳಿಯಿತು. ಸಂಚಿಯಲ್ಲಿದ್ದದ್ದು ಹಾಲಿ ರೂಪಾಯಿ, ಕೊಳ್ಳಬೇಕಾದ ಜೋಳಕ್ಕೆ ಬೇಕಾದದ್ದು ಕಲದಾರ. ಅಂಥ ಹೊತ್ತಿನಲ್ಲಿ ವಟ್ಟದ ಒಂದೊಂದು ಆಣೆಯೂ ಮಗುವಿನ ಒಂದೊಂದು ರೊಟ್ಟಿ.

1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಶರಣಾಯಿತು. ಆದರೆ ಹಾಲಿ ಮರುದಿನವೇ ಮಾಯವಾಗಲಿಲ್ಲ. 1950ರಿಂದ ಭಾರತದ ರೂಪಾಯಿ ಅದರ ಜೊತೆಜೊತೆಗೆ ನಡೆಯಿತು, ಅದೇ ಏಳಕ್ಕೆ ಆರರ ದರದಲ್ಲಿ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯೇ ಪೈಸೆ ಬಂದವು. 1959ರಲ್ಲಿ ಹಾಲಿ ಪೂರ್ತಿ ರದ್ದಾಯಿತು. ಒಂದೇ ಜೀವಮಾನದಲ್ಲಿ ಹಾಲಿಯ ಲೆಕ್ಕ, ಕಲದಾರದ ಲೆಕ್ಕ, ಪೈಸೆಯ ಲೆಕ್ಕ ಮೂರನ್ನೂ ಕಲಿತರಲ್ಲ ನಮ್ಮ ಹಿರಿಯರು!

ಯುರೋಪಿನಲ್ಲಿ ಸರಾಫ

ಈಗ ನಮ್ಮ ಮೊಮ್ಮಕ್ಕಳು ಜರ್ಮನಿ, ಫ್ರಾನ್ಸ್‌ಗೆ ಹೋಗುತ್ತಾರೆ. ಅಲ್ಲಿಯೂ ಹಿಂದೆ ಇದೇ ಕಥೆ. ಫ್ರಾನ್ಸಿನಲ್ಲಿ ಫ್ರಾಂಕ್, ಜರ್ಮನಿಯಲ್ಲಿ ಮಾರ್ಕ್, ಇಟಲಿಯಲ್ಲಿ ಲಿರಾ. ಗಡಿಗೊಮ್ಮೆ ರೊಕ್ಕ ಬದಲು, ಗಡಿಗೊಮ್ಮೆ ವಟ್ಟ. 2002ರ ಜನವರಿ 1ರಿಂದ 12 ದೇಶಗಳಲ್ಲಿ ಯೂರೋ ನೋಟು, ನಾಣ್ಯ ಬಂದವು. ಆಮೇಲೆ ಇನ್ನೂ ಹಲವು ದೇಶಗಳು ಸೇರಿದವು. ಆದರೆ ಸ್ವಿಟ್ಜರ್ಲೆಂಡಿಗೆ ಹೋದರೆ ಈಗಲೂ ಫ್ರಾಂಕ್, ಇಂಗ್ಲೆಂಡಿಗೆ ಹೋದರೆ ಪೌಂಡ್.

ಅಜ್ಜ ಅಜ್ಜಿಯರು ಮಕ್ಕಳನ್ನು ನೋಡಲು ಹೊರಟಿದ್ದರೆ ಒಂದು ಮಾತು ನೆನಪಿರಲಿ. ಅಲ್ಲಿ ಅಂಗಡಿಯಲ್ಲಿ ಕಾರ್ಡ್ ಕೊಟ್ಟಾಗ ಯಂತ್ರ ಕೆಲವೊಮ್ಮೆ ಕೇಳುತ್ತದೆ: ರೂಪಾಯಿಯಲ್ಲಿ ಕೊಡುತ್ತೀರಾ, ಯೂರೋದಲ್ಲಿ ಕೊಡುತ್ತೀರಾ? ನಮ್ಮ ರೂಪಾಯಿ ಎಂದು ಖುಷಿಯಾಗಿ ಅದನ್ನು ಒತ್ತಬೇಡಿ. ರೂಪಾಯಿ ಎಂದರೆ ದರವನ್ನು ಅಲ್ಲಿಯೇ ಗೊತ್ತು ಮಾಡುತ್ತಾರೆ, ಸಾಮಾನ್ಯವಾಗಿ ಅದು ದುಬಾರಿ. ಯೂರೋ ಒತ್ತಿ. ವಿಮಾನ ನಿಲ್ದಾಣದ ಕಿಟಕಿಯಲ್ಲಿ ‘ಕಮಿಷನ್ ಇಲ್ಲ’ ಎಂಬ ಫಲಕ ಕಂಡರೆ ದರ ಎಷ್ಟೆಂದು ಮೊದಲು ಕೇಳಿ. ಸರಾಫನ ಆ ಒಂದಾಣೆ ದರದೊಳಗೇ ಅಡಗಿ ಕೂತಿರುತ್ತದೆ.

ಈಗ ನಿಮಗೊಂದು ಲೆಕ್ಕ

ಜೇವರ್ಗಿಯ ಮುತ್ಯಾ ಎತ್ತು ಕೊಳ್ಳಲು ಸಿಂದಗಿಗೆ ಹೊರಟಿದ್ದಾರೆ. ಎತ್ತಿನ ಬೆಲೆ 36 ಕಲದಾರ. ಸರ್ಕಾರಿ ದರದಲ್ಲಿ ಅವರು ಎಷ್ಟು ಹಾಲಿ ಒಯ್ಯಬೇಕು? ಸರಾಫ ಕಲದಾರಕ್ಕೆ ಒಂದಾಣೆ ಹಾಲಿಯಂತೆ ವಟ್ಟ ಕೇಳಿದರೆ ಇನ್ನೆಷ್ಟು ಬೇಕು? ಕಾಗದ, ಪೆನ್ನು ತೆಗೆದುಕೊಂಡು ಮಾಡಿ. ಆಮೇಲೆ ಅಜ್ಜನನ್ನು ಬಾಯಿಲೆಕ್ಕದಲ್ಲಿ ಮಾಡಲು ಹೇಳಿ. ಯಾರು ಮೊದಲು ಮುಗಿಸುತ್ತೀರಿ ನೋಡೋಣ.

(ಉತ್ತರ: 42 ಹಾಲಿ. ವಟ್ಟಕ್ಕೆ 36 ಆಣೆ, ಅಂದರೆ 2 ರೂಪಾಯಿ 4 ಆಣೆ. ಒಟ್ಟು 44 ರೂಪಾಯಿ 4 ಆಣೆ.)