ಅಂಗಡಿ ಬೇರೆ, ಓನರ್ ಬೇರೆ?

(1/6)

ಫೋಟೋದಲ್ಲಿರೋದು ನನ್ನ ಬೈಕಿನ ಹಿಂದಿನ ಮಡ್‌ಗಾರ್ಡ್. ಅಲ್ಲಿ ಬಿಳಿ ಕಲೆ ಕಾಣ್ತಿದೆಯಲ್ಲ, ಅಲ್ಲಿ ‘ಡಿ ಬಾಸ್’ ಅಂತ ಸ್ಟಿಕರ್ ಇತ್ತು. ಅರ್ಧ ಉಗುರಲ್ಲಿ ಕೆರೆದೆ, ಇನ್ನರ್ಧ ಪೆಟ್ರೋಲ್ ಬಟ್ಟೇಲಿ ಒರೆಸಿದೆ. ಅಂಟು ಹೋಗಿಲ್ಲ. ಈಗ ಅಂಟಿನ ಮೇಲೆ ಧೂಳು ಕೂತು ಅಕ್ಷರ ಇನ್ನೂ ಓದೋಕೆ ಬರುತ್ತೆ.

ಕ್ಲಾಸಲ್ಲಿ ಕೆಲವರು ಕೇಳ್ತಿದ್ದೀರ, ಡಿ ಬಾಸ್ ಎಡಿಟ್ಸ್ ಹಾಕ್ತಿದ್ದ ಆ ಪೇಜ್ ಎಲ್ಲೋಯ್ತು ಅಂತ. ಅದು ನನ್ನದು ಅಂತ ಗೊತ್ತಿದ್ದೋರು ನಾಲ್ಕೇ ಜನ. ಉಳಿದೋರಿಗೆ ಈಗ ಹೇಳ್ತಿದೀನಿ, ನನ್ನದೇ. 6,400 ಫಾಲೋವರ್ಸ್ ಇದ್ರು. ಸಿಂಧಘಟ್ಟದ ಮನೆ ಜಗಲಿ ಮೇಲೆ ಕೂತು ಮೊಬೈಲಲ್ಲೇ ಎಡಿಟ್ ಮಾಡ್ತಿದ್ದೆ. ರಾತ್ರಿ ನೆಟ್‌ವರ್ಕ್ ಚೆನ್ನಾಗಿ ಸಿಗೋದು ಅಲ್ಲೇ.

ಯಾಕೆ ನಿಲ್ಲಿಸಿದೆ ಅನ್ನೋದು ಒಂದೇ ಸ್ಟೋರೀಲಿ ಹೇಳೋ ವಿಷಯ ಅಲ್ಲ. ಆರು ಪೋಸ್ಟ್ ಆಗುತ್ತೆ. ಟೈಮ್ ಇಲ್ದೋರು ಸೇವ್ ಮಾಡ್ಕೊಳ್ಳಿ.

(2/6)

ಫೋಟೋ: ನಮ್ಮನೆ ಟಿವಿ, ಮುಂದೆ ಅಜ್ಜಿಯ ಬೆನ್ನು.

‘ಕಾಟೇರ’ ರಿಲೀಸ್ ಆಗಿದ್ದು 2023ರ ಡಿಸೆಂಬರ್ 29ಕ್ಕೆ. ನಾನಾಗ ಸೆಕೆಂಡ್ ಪಿಯುಸಿ. ಮೈಸೂರಿಗೆ ಹೋಗಿ ನೋಡಿದ್ವಿ, ಶಿಳ್ಳೆ ಹಾಕಿ ಹಾಕಿ ಗಂಟಲು ಕಟ್ಟಿತ್ತು. ಅದು ನೆನಪಿಡೋ ವಿಷಯ ಅಲ್ಲ ಬಿಡಿ. ನೆನಪಿರೋದು ಆಮೇಲೆ ಅದೇ ಸಿನಿಮಾನ ಅಜ್ಜಿ ಜೊತೆ ಮನೇಲಿ ನೋಡಿದ್ದು.

ಅಜ್ಜಿಗೆ ದರ್ಶನ್ ಅಂದ್ರೆ ಯಾರೂಂತ ತಕ್ಷಣ ಹೊಳೆಯಲ್ಲ. ‘ತೂಗುದೀಪ ಶ್ರೀನಿವಾಸ್ ಮಗ’ ಅನ್ಬೇಕು. ಆಗ ‘ಓ, ಆ ಕೆಟ್ಟ್ ಪಾರ್ಟ್ ಮಾಡೋ ವಯ್ಯನ ಮಗ್ನಾ’ ಅಂತಾರೆ. ಕತೆಯಲ್ಲಿ ಗೇಣಿದಾರರು ಬೆಳೆದ ಭತ್ತ ಅಳೆದು ಒಡೆಯರ ಮನೆಗೆ ಹೋಗೋ ಭಾಗ ಬಂತು. ಅಜ್ಜಿ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತುಹೋಯ್ತು.

‘ನಿಮ್ ತಾತನೂ ಇಂಗೇ ಅಳೀತಿದ್ರು ಕಲಾ.’

ನಮ್ಮ ತಾತ ಗೇಣಿಗೆ ಉಳ್ತಿದ್ರು ಅನ್ನೋದೇ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದಮೇಲೆ ತಾತ ಫಾರಂ ನಂ. 7 ಹಾಕಿ, ವರ್ಷಗಟ್ಟಲೆ ಭೂನ್ಯಾಯ ಮಂಡಳಿಗೆ ಅಲೆದು, 1 ಎಕರೆ 10 ಗುಂಟೆ ತಮ್ಮ ಹೆಸರಿಗೆ ಮಾಡ್ಕೊಂಡ್ರಂತೆ. ನನ್ನ ಕಾಲೇಜ್ ಫೀಸು ಬರೋದು ಅದೇ ಜಮೀನಿನ ಕಬ್ಬಿಂದ. ಇತಿಹಾಸದ ಪಾಠದಲ್ಲಿ ‘ಉಳುವವನೇ ಭೂಮಿಯ ಒಡೆಯ’ ಅಂತ ಎರಡು ಮಾರ್ಕ್ಸ್‌ಗೆ ಬರೆದಿದ್ದೆ. ನಮ್ಮನೆ ವಿಷಯ ಅದು ಅಂತ ತಿಳಿದಿದ್ದು ಆ ಸಿನಿಮಾ ದೆಸೆಯಿಂದ.

ಪೇಜ್ ಶುರು ಮಾಡಿದ್ದು ಅದೇ ವಾರ. ಮೊದಲ ಎಡಿಟ್ ಕುಲುಮೆ ಸೀನ್‌ದು. ಆ ಸಿನಿಮಾ ನನಗೆ ಏನು ಕೊಡ್ತು ಅನ್ನೋದನ್ನ ನಾನು ಇವತ್ತಿಗೂ ಇಲ್ಲ ಅನ್ನಲ್ಲ. ಅದನ್ನ ಮೊದಲೇ ಹೇಳ್ದೆ ಮುಂದಿನದು ಬರೆದ್ರೆ ಮೋಸ ಆಗುತ್ತೆ.

(3/6)

2024ರ ಜೂನ್. ಚಿತ್ರದುರ್ಗದ ರೇಣುಕಾಸ್ವಾಮಿ ಅನ್ನೋರ ಶವ ಬೆಂಗಳೂರಿನ ಸುಮನಹಳ್ಳಿ ಹತ್ರ ಸಿಕ್ತು. ಜೂನ್ 11ಕ್ಕೆ ದರ್ಶನ್ ಅರೆಸ್ಟ್. ರೇಣುಕಾಸ್ವಾಮಿ ಪವಿತ್ರಾ ಗೌಡ ಅವರಿಗೆ ಕೆಟ್ಟ ಮೆಸೇಜ್ ಕಳಿಸಿದ್ರು, ಅದಕ್ಕೆ ಅವರನ್ನ ಕರೆತಂದು ಹೊಡೆದು ಕೊಂದ್ರು ಅನ್ನೋದು ಪೊಲೀಸರ ಆರೋಪ. ಡಿಸೆಂಬರ್‌ನಲ್ಲಿ ಹೈಕೋರ್ಟ್ ಬೇಲ್ ಕೊಡ್ತು, 2025ರ ಆಗಸ್ಟ್ 14ಕ್ಕೆ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಕೇಸು ಇನ್ನೂ ನಡೀತಿದೆ. ತೀರ್ಪು ಬರೋವರೆಗೂ ಅವರು ಆರೋಪಿ ಮಾತ್ರ, ಅಪರಾಧಿ ಅಲ್ಲ. ಇದನ್ನ ಫ್ಯಾನ್ ಆಗಿ ಹೇಳ್ತಿಲ್ಲ, ಕಾನೂನು ಹಾಗೇ ಇದೆ.

ಅವತ್ತು ನನ್ನ ಪೇಜಲ್ಲಿ ಏನು ಹಾಕೋದು ಅಂತ ಎರಡು ದಿನ ಯೋಚನೆ ಮಾಡಿದೆ. ಆಮೇಲೆ ಅಕೌಂಟೆನ್ಸಿ ನೆನಪಾಯ್ತು. ಪಿಯುಸೀಲಿ ಓದಿದ ಬಿಸಿನೆಸ್ ಎಂಟಿಟಿ ಕಾನ್ಸೆಪ್ಟ್: ಅಂಗಡಿ ಬೇರೆ, ಓನರ್ ಬೇರೆ. ಓನರ್ ತನ್ನ ಮನೆಗೆ ಸಕ್ಕರೆ ತಗೊಂಡ್ರೂ ಡ್ರಾಯಿಂಗ್ಸ್ ಅಂತ ಬರೀಬೇಕು. ಅದನ್ನೇ ಸ್ವಲ್ಪ ತಿರುಗಿಸಿ ಬರೆದೆ: ‘ನಾವು ಕಲೆಯ ಫ್ಯಾನ್ಸ್. ಕಲೆ ಬೇರೆ, ಕಲಾವಿದ ಬೇರೆ. ನಮ್ಮೂರ ಲಕ್ಷ್ಮೀನಾರಾಯಣ ಗುಡಿ ಹೊಯ್ಸಳರ ಕಾಲದ್ದು. ಕೆತ್ತಿದೋನು ಹೆಂಡ್ತೀನ ಚೆನ್ನಾಗಿ ನೋಡ್ಕೊಂಡಿದ್ನಾ ಅಂತ ಕೇಳಿ ಯಾರಾದ್ರೂ ಕೈ ಮುಗೀತಾರಾ?’

ಒಂದೇ ರಾತ್ರಿಗೆ 900 ಲೈಕ್. ಅದುವರೆಗಿನ ನನ್ನ ದಾಖಲೆ. ನಾನೇನೋ ದೊಡ್ಡ ಪಾಯಿಂಟ್ ಹಿಡಿದೆ ಅಂದ್ಕೊಂಡೆ.

ನಮ್ಮ ಚಿಕ್ಕಪ್ಪ ಮಾತ್ರ ನಕ್ಕರು. ಅವರೂ ಹಳೇ ಫ್ಯಾನೇ. ‘2011ರಲ್ಲೂ ನಾವು ಇದ್ನೇ ಹೇಳಿದ್ವಿ ಕಣ್ಲಾ’ ಅಂದ್ರು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಪತ್ನಿ ಕೊಟ್ಟ ದೂರಿನ ಮೇಲೆ ದರ್ಶನ್ ಜೈಲಿಗೆ ಹೋಗಿದ್ರು. ಅವರು ಒಳಗಿರುವಾಗಲೇ, ತಿಂಗಳ ಕೊನೆಗೆ ‘ಸಾರಥಿ’ ರಿಲೀಸ್ ಆಗಿ ಸೂಪರ್ ಹಿಟ್ ಆಯ್ತು. ಆಮೇಲೆ ಗಂಡ ಹೆಂಡತಿ ರಾಜಿಯಾದ್ರು, ಅದು ಅವರ ವಿಷಯ. ಆದ್ರೆ ಆ ಗಲಾಟೇಲಿ ನಿರ್ಮಾಪಕರ ಸಂಘ ಮೂರು ವರ್ಷ ಬ್ಯಾನ್ ಮಾಡಿದ್ದು ಯಾರನ್ನ ಗೊತ್ತಾ? ನಟಿ ನಿಖಿತಾ ಅವರನ್ನ. ಎಲ್ಲ ಕಡೆಯಿಂದ ಬೈಸ್ಕೊಂಡು ವಾಪಸ್ ತಗೊಂಡ್ರು. ಗಂಡಸಾದ್ರೆ ಕಲೆ ಬೇರೆ ಕಲಾವಿದ ಬೇರೆ. ಹೆಂಗಸಿಗೆ ಆ ಕಾನ್ಸೆಪ್ಟ್ ಅನ್ವಯ ಆಗಲ್ಲ ಅಂತ ಕಾಣುತ್ತೆ.

(4/6)

ಫೋಟೋ: ನನ್ನ ನೋಟ್ಸ್. ಅಕ್ಷರ ನೋಡಿ ನಗಬೇಡಿ.

ಬಿಕಾಂ ಸೇರಿದ ಮೇಲೆ ಅದೇ ಕಾನ್ಸೆಪ್ಟ್ ಮತ್ತೆ ಬಂತು. ಈ ಸಲ ನಾನು ಬಿಟ್ಟಿದ್ದ ಅರ್ಧ ಕಾಣಿಸ್ತು. ಒಬ್ಬನೇ ನಡೆಸೋ ಅಂಗಡೀಲಿ ಓನರ್ ಬೇರೆ ಅನ್ನೋದು ಲೆಕ್ಕದ ಪುಸ್ತಕದಲ್ಲಿ ಮಾತ್ರ. ಕಾನೂನಿನ ಕಣ್ಣಲ್ಲಿ ಇಬ್ಬರೂ ಒಂದೇ. ಅಂಗಡಿ ಸಾಲಕ್ಕೆ ಮನೇನೂ ಹೋಗುತ್ತೆ. ನಿಜವಾಗ್ಲೂ ಬೇರೆ ಆಗೋದು ಕಂಪನೀಲಿ. 1897ರ ಸಾಲೊಮನ್ ಕೇಸು ಎಲ್ರೂ ಬಾಯಿಪಾಠ ಮಾಡಿರ್ತೀರ. ಅಲ್ಲೂ ಕಂಪನಿ ಹೆಸರನ್ನ ಮೋಸಕ್ಕೆ ಪರದೆ ಮಾಡ್ಕೊಂಡ್ರೆ ಕೋರ್ಟ್ ಪರದೆ ಸರಿಸಿ ಹಿಂದೆ ಯಾರಿದಾರೆ ಅಂತ ನೋಡುತ್ತೆ.

ಸಿನಿಮಾ ಅನ್ನೋದು ಹೆಚ್ಚುಕಡಿಮೆ ಕಂಪನಿ ಥರ. ಕಾಟೇರದ ಕತೆ ಜಡೇಶ ಕೆ. ಹಂಪಿ ಅವರದ್ದು, ಮಾತು ಮಾಸ್ತಿ ಅವರದ್ದು, ನಿರ್ದೇಶನ ತರುಣ್ ಸುಧೀರ್, ಸಂಗೀತ ಹರಿಕೃಷ್ಣ. ಅಜ್ಜಿ ಕೈಯಲ್ಲಿ ಅವರೆಕಾಯಿ ನಿಲ್ಲಿಸಿದ್ದು ಇವರೆಲ್ಲ ಸೇರಿ. ಒಬ್ಬರ ಮೇಲೆ ಕೇಸ್ ಆದ್ರೆ ಉಳಿದವರ ಕೆಲಸ ಸುಳ್ಳಾಗಲ್ಲ. ಟಿಕೆಟ್ ದುಡ್ಡು ಕೊಟ್ವಿ, ನೋಡಿದ್ವಿ, ಲೆಕ್ಕ ಮುಗೀತು.

ಆನ್‌ಲೈನ್‌ನಲ್ಲಿ ನಾವು ಫಾಲೋ ಮಾಡೋರು ಹಾಗಲ್ಲ. ಅದು ಒಬ್ಬನೇ ನಡೆಸೋ ಅಂಗಡಿ. ಅಲ್ಲಿ ಮಾರಾಟಕ್ಕಿರೋದು ಅವನ ಮುಖ, ಅವನ ಮಾತು, ಅವನ ಮನೆ, ‘ನಾನು ನಿಮ್ಮ ಥರದೋನೇ’ ಅನ್ನೋ ನಂಬಿಕೆ. ನಮ್ಮ ಜಿಲ್ಲೆಯವರೇ ಡ್ರೋನ್ ಪ್ರತಾಪ್, ಮಳವಳ್ಳಿ ತಾಲೂಕಿನ ನೆಟ್ಕಲ್‌ನವರು. ನಾನು ಹೈಸ್ಕೂಲಲ್ಲಿದ್ದಾಗ ಅವರ ಭಾಷಣದ ವಿಡಿಯೋ ನಮ್ಮ ಮನೆ ಗ್ರೂಪಲ್ಲಿ ದಿನಾ ಬರ್ತಿತ್ತು, ‘ನೋಡಿ ಕಲಿ’ ಅಂತ. 2020ರಲ್ಲಿ ಫ್ಯಾಕ್ಟ್‌ಚೆಕ್ ಮಾಡಿದೋರು ಆ ಹೇಳಿಕೆಗಳಿಗೆ ಪುರಾವೆ ಇಲ್ಲ ಅಂತ ತೋರಿಸಿದ್ರು. ಅಲ್ಲಿ ಕಲೇನ ಉಳಿಸ್ಕೊಂಡು ಕಲಾವಿದನ್ನ ಬಿಡೋದು ಹೇಗೆ? ಕಲೆ ಅಂತ ಇದ್ದಿದ್ದೇ ಆ ಮಾತುಗಳು. ಆದ್ರೂ ಜನ ಬಿಡ್ಲಿಲ್ಲ. ಬಿಗ್ ಬಾಸ್ ಸೀಸನ್ 10ರಲ್ಲಿ ರನ್ನರ್ ಅಪ್ ಆದ್ರು, ನಾನೂ ವೋಟ್ ಹಾಕ್ದೆ. ಪಾಪ ಅನ್ನಿಸ್ತು, ಅಷ್ಟೇ. 2024ರ ಡಿಸೆಂಬರ್‌ನಲ್ಲಿ ಮಧುಗಿರಿ ಕಡೆ ಕೃಷಿ ಹೊಂಡದಲ್ಲಿ ಸ್ಫೋಟ ಮಾಡಿದ ವಿಡಿಯೋಗೆ ಅರೆಸ್ಟ್ ಆದ್ರು. ಆ ವಿಡಿಯೋ ಮಾಡಿದ್ದು ನಮಗೋಸ್ಕರ, ವ್ಯೂಸ್ ಕೊಡೋರಿಗೆ.

ಗುಡಿಯ ಉದಾಹರಣೆ ಯಾಕೆ ತಪ್ಪು ಅಂತಾನೂ ಆಮೇಲೆ ಹೊಳೀತು. ಸೋಮನಾಥಪುರದಲ್ಲಿ ಮಲ್ಲಿತಮ್ಮ ಅನ್ನೋ ಶಿಲ್ಪಿ ತನ್ನ ಹೆಸರು ಕೆತ್ತಿದಾನೆ. ಆತ ಹೋಗಿ ಏಳು ನೂರು ವರ್ಷದ ಮೇಲಾಯ್ತು. ನಾನು ಇವತ್ತು ಕೈ ಮುಗಿದ್ರೆ ಅವನ ಕೈಗೆ ದುಡ್ಡೂ ಹೋಗಲ್ಲ, ಬಲಾನೂ ಹೋಗಲ್ಲ. ಬದುಕಿರೋರನ್ನ ಫಾಲೋ ಮಾಡಿದ್ರೆ ಎರಡೂ ಹೋಗುತ್ತೆ.

(5/6)

ಇದು ಬರೆಯೋಕೆ ಕಷ್ಟ ಆಗಿರೋ ಭಾಗ. ಮೂರು ಸಲ ಡ್ರಾಫ್ಟ್‌ನಲ್ಲೇ ಬಿಟ್ಟಿದ್ದೆ.

2025ರ ಜುಲೈ. ರಮ್ಯಾ, 2013ರಲ್ಲಿ ನಮ್ಮ ಮಂಡ್ಯದಿಂದ ಎಂಪಿ ಆಗಿದ್ದೋರು, ಸುಪ್ರೀಂ ಕೋರ್ಟಲ್ಲಿ ರೇಣುಕಾಸ್ವಾಮಿ ಕೇಸಿನ ವಿಚಾರಣೆ ಬಗ್ಗೆ ಒಂದು ಪೋಸ್ಟ್ ಹಾಕಿದ್ರು. ಫ್ಯಾನ್ಸ್ ಅನ್ನಿಸ್ಕೊಂಡೋರು ಅವರಿಗೆ ಕಳಿಸಿದ ಮೆಸೇಜ್ ಎಂಥದ್ದು ಅಂತ ನೀವೂ ನೋಡಿರ್ತೀರ. ಅವರು ಬೆಂಗಳೂರು ಪೊಲೀಸ್ ಕಮಿಷನರ್‌ಗೆ ದೂರು ಕೊಟ್ರು, ಕೆಲವರು ಅರೆಸ್ಟೂ ಆದ್ರು.

ನಮ್ಮ ಕ್ಲಾಸಿನ ಒಬ್ಬ ಹುಡುಗಿ ರಮ್ಯಾ ಪರ ಸ್ಟೋರಿ ಹಾಕಿದ್ಲು. ಬೈದಿರಲಿಲ್ಲ, ‘ಕೋರ್ಟ್ ನೋಡ್ಕೊಳ್ಳಲಿ, ಹೆಣ್ಮಕ್ಕಳಿಗೆ ಯಾಕೆ ಬಯ್ತೀರ’ ಅಂತಿತ್ತು ಅಷ್ಟೇ. ನಾನು ಸ್ಕ್ರೀನ್‌ಶಾಟ್ ತೆಗೆದು ನಗೋ ಎಮೋಜಿ ಇಟ್ಟು ಪೇಜ್ ಸ್ಟೋರಿಗೆ ಹಾಕ್ದೆ. ಐಡಿ ಮುಚ್ಚಲಿಲ್ಲ. ಮರೆತೆ ಅಂತ ಸುಮಾರು ದಿನ ನನಗೆ ನಾನೇ ಹೇಳ್ಕೊಂಡೆ. ಮರೆತಿರಲಿಲ್ಲ.

ಬೆಳಗ್ಗೆ ಆರಕ್ಕೆ ಹಾಲಿನ ಡೈರಿ ಹತ್ರ ನಿಂತು ಫೋನ್ ತೆಗೆದ್ರೆ ಪೇಜ್ ತುಂಬ ಅವಳ ಫೋಟೋ. ಅವಳ ಅಕೌಂಟಿಂದ ತೆಗೆದು ನನಗೇ ಟ್ಯಾಗ್ ಮಾಡಿದ್ರು, ‘ಬಾಸ್ ನೋಡಿ, ಇವಳೇ’ ಅಂತ. ಬಾಸ್ ಅಂದಿದ್ದು ನನಗೆ. ಕೆಳಗಿದ್ದ ಮಾತುಗಳನ್ನ ಇಲ್ಲಿ ಬರೆಯಲ್ಲ. ಸ್ಟೋರಿ ತೆಗೆದೆ. ತೆಗೆದ್ರೆ ಏನಾಗುತ್ತೆ, 1,100 ಜನ ನೋಡಿಯಾಗಿತ್ತು. ಅವಳು ಎಂಟು ದಿನ ಕ್ಲಾಸಿಗೆ ಬರಲಿಲ್ಲ. ಬಂದಮೇಲೆ ಅವಳ ಅಪ್ಪ ಗೇಟ್‌ವರೆಗೂ ಬಿಟ್ಟು ಹೋಗೋಕೆ ಶುರು ಮಾಡಿದ್ರು. ಪೇಜ್ ಯಾರದ್ದು ಅಂತ ಅವಳಿಗೆ ಗೊತ್ತಿರಲಿಲ್ಲ. ನನ್ನ ಹತ್ರಾನೇ ಕಾಸ್ಟಿಂಗ್ ನೋಟ್ಸ್ ಇಸ್ಕೊಂಡ್ಲು.

ರೇಣುಕಾಸ್ವಾಮಿ ಮಾಡಿದ್ರು ಅಂತ ಹೇಳೋ ತಪ್ಪು ಏನು? ಹೆಣ್ಣಿಗೆ ಕೆಟ್ಟ ಮೆಸೇಜ್ ಕಳಿಸಿದ್ದು. ಅದಕ್ಕೆ ‘ಅವನಿಗೆ ಆಗಬೇಕಿತ್ತು’ ಅಂತ ನನ್ನ ಪೇಜಲ್ಲಿ ಬರೆದಿದ್ದ ಹುಡುಗರೇ ಅವಳಿಗೂ ಬರೆದಿದ್ದು. ಹೆಸರು ಹೆಸರು ಹಿಡಿದು ನೋಡಿದೀನಿ.

ಕಲೆಯ ಫ್ಯಾನ್ಸ್ ಅಂತ ಬೋರ್ಡ್ ಹಾಕಿದ್ದು ನಾನು. ಅದರ ಹಿಂದೆ ಇಷ್ಟೆಲ್ಲ ನಡೀತು. ಕುಲುಮೆ ಸೀನ್ ಬಗ್ಗೆಯಾಗ್ಲಿ ಗೇಣಿ ಬಗ್ಗೆಯಾಗ್ಲಿ ಅಲ್ಲಿ ಯಾರೂ ಒಂದು ಕಾಮೆಂಟ್ ಬರೆದ ನೆನಪು ನನಗಿಲ್ಲ.

(ಅವಳು ಯಾರು ಅಂತ ಕೆಳಗೆ ಊಹೆ ಮಾಡಬೇಡಿ. ಡಿಲೀಟ್ ಮಾಡ್ತೀನಿ, ಬ್ಲಾಕೂ ಮಾಡ್ತೀನಿ.)

(6/6)

ಪೇಜ್ ಅವತ್ತೇ ನಿಲ್ಲಿಸಿದೆ ಅಂದ್ಕೋಬೇಡಿ. ‘ದಿ ಡೆವಿಲ್’ ಬರೋ ಟೈಮಲ್ಲಿ ಇನ್ನೂ ಎರಡು ಎಡಿಟ್ ಹಾಕಿದ್ದೆ. ಡಿಸೆಂಬರ್ 11ಕ್ಕೆ ಸಿನಿಮಾ ರಿಲೀಸ್ ಆದಾಗ ಫ್ರೆಂಡ್ಸ್ ಕರೆದ್ರು, ಹೋಗ್ಲಿಲ್ಲ. ಹೋದವರದು ತಪ್ಪು ಅಂತ ನಾನು ಹೇಳಲ್ಲ, ಆ ಸಿನಿಮಾಗೂ ನೂರಾರು ಜನ ದುಡಿದಿದಾರೆ. ಟಿಕೆಟ್ ತಗೊಳ್ಳೋದಕ್ಕೂ, ಪರ ನಿಂತು ಜನ ಸೇರಿಸೋದಕ್ಕೂ ವ್ಯತ್ಯಾಸ ಇದೆ. ನಾನು ಮಾಡ್ತಿದ್ದದ್ದು ಎರಡನೇದು.

ಅವಳಿಗೆ ಹೇಳಿದ್ದು ಜನವರೀಲಿ, ಲೈಬ್ರರಿ ಹೊರಗೆ. ‘ಆ ಪೇಜ್ ನಂದು’ ಅಂದೆ. ಸ್ವಲ್ಪ ಹೊತ್ತು ನೋಡಿ ‘ನೋಟ್ಸ್ ನಾಳೆ ವಾಪಸ್ ಕೊಡ್ತೀನಿ’ ಅಂದ್ಲು. ಕೊಟ್ಟಳು, ಪಕ್ಕದ ಬೆಂಚಿನವನ ಕೈಲಿ. ಆಮೇಲೆ ಮಾತಿಲ್ಲ. ಇದನ್ನ ಬರೆಯೋಕೆ ಮುಂಚೆ ಅವಳನ್ನ ಕೇಳಿಸ್ದೆ. ‘ಹೆಸರು ಬರಬಾರದು’ ಅಂತ ಒಂದೇ ಮಾತು ಬಂತು.

ಸಂಕ್ರಾಂತಿ ರಾತ್ರಿ ಅಜ್ಜಿ ‘ಆ ಗೇಣಿ ಸಿನಿಮಾ ಹಾಕ್ಲಾ’ ಅಂದ್ರು. ಹಾಕ್ದೆ. ಅರ್ಧದಲ್ಲಿ ‘ಈ ಹುಡುಗ ಈಗ ಎಲ್ಲವ್ನೆ?’ ಅಂತ ಕೇಳಿದ್ರು. ಜೈಲಲ್ಲಿ ಅಂದೆ. ಯಾಕೆ ಅಂತ ಕೇಳಿದ್ದಕ್ಕೆ ಕೇಸ್ ವಿಷಯ ಹೇಳ್ದೆ.

‘ಸತ್ತೋನ್ಗೆ ಮಕ್ಳಿದ್ವಾ?’

‘ಹೆಂಡ್ತಿ ಬಸುರಿ ಇದ್ರು ಅಜ್ಜಿ. ಆಮೇಲೆ ಗಂಡು ಮಗು ಆಯ್ತು.’

ಅಜ್ಜಿ ಸಿನಿಮಾ ನಿಲ್ಲಿಸು ಅನ್ನಲಿಲ್ಲ. ನೋಡಿದ್ರು, ಪೂರ್ತಿ. ಆದ್ರೆ ಆ ಸಲ ‘ನಿಮ್ ತಾತನಂಗೇ’ ಅಂತ ಒಂದ್ಸಲಾನೂ ಅನ್ನಲಿಲ್ಲ.

ಮಾರನೇ ವಾರ ಪೇಜ್ ಡಿಲೀಟ್‌ಗೆ ಹಾಕ್ದೆ. ಅದಕ್ಕೂ ಮುಂಚೆ ಒಬ್ಬ ವಾಟ್ಸಾಪಲ್ಲಿ ಬಂದಿದ್ದ: 12,000 ಕೊಡ್ತೀನಿ, ಪಾಸ್‌ವರ್ಡ್ ಕೊಡು ಅಂತ. ನಮ್ಮ ಭಾಷೇಲಿ ಹೇಳೋದಾದ್ರೆ ಗುಡ್‌ವಿಲ್‌ಗೆ ಬೆಲೆ ಕಟ್ಟಿದ್ದ. ನನಗೆ ಆ ದುಡ್ಡು ಬೇಡ ಅಂತಲ್ಲ, ಈ ಸೆಮ್ ಫೀಸೂ ಬಸ್ ಪಾಸೂ ಅದರಲ್ಲೇ ಮುಗೀತಿತ್ತು. ಆದ್ರೆ ಅವನು ಕೊಂಡ್ಕೊಳ್ತಿದ್ದದ್ದು ನನ್ನ ಎಡಿಟ್ಸ್ ಅಲ್ಲ. ಆ 6,400 ಜನಾನ, ಬೆಳಗ್ಗೆ ಎದ್ದು ಯಾರ ಮೇಲೆ ಬೀಳು ಅಂದ್ರೂ ಬೀಳೋರನ್ನ.

ಡಿಲೀಟ್ ಅಂತ ಒತ್ತಿದ್ರೂ ಇನ್‌ಸ್ಟಾ 30 ದಿನ ಟೈಮ್ ಕೊಡುತ್ತೆ. ಅಷ್ಟರಲ್ಲಿ ಲಾಗಿನ್ ಆದ್ರೆ ಎಲ್ಲ ವಾಪಸ್. ಇವತ್ತಿಗೆ 19 ದಿನ. ನೆನ್ನೆ ರಾತ್ರಿ ಅವನು ಮತ್ತೆ ಮೆಸೇಜ್ ಹಾಕಿದಾನೆ, 15,000 ಅಂತ.

ಇನ್ನೂ ರಿಪ್ಲೈ ಮಾಡಿಲ್ಲ.